ನೀರಿನ ಭಾರಕ್ಕೆ ಭುಜ ನೋಯುತ್ತಿದ್ದದ್ದು ಸರಿಹೋದ ಬಗೆ

6 ಲೀಟರ್ ನೀರು ಅಂದ್ರೆ 6 ಕೆಜಿ, ಬಾಟಲಿ ತೂಕ ಬೇರೆ. ಮರುಭೂಮಿ ನಡಿಗೆಗೆ ಇಷ್ಟನ್ನು ಫ್ರೇಮ್ ಇಲ್ಲದ ಹಗುರ ಬ್ಯಾಗಿಗೆ ತುಂಬಿದರೆ ಅದು ಕುಸಿದು ಪೀಪಾಯಿಯಂತೆ ಉಬ್ಬುತ್ತಿತ್ತು, ಭಾರವೆಲ್ಲ ಭುಜಕ್ಕೆ. ದಪ್ಪ ಪ್ಯಾಡ್ ಹಾಕಿದೆ, ಬಾಟಲಿಗಳನ್ನು ಹೊರಗಿನ ಜೇಬಿಗೆ ಸರಿಸಿದೆ. ಉಪಯೋಗ ಆಗಲಿಲ್ಲ.

ಸರಿಹೋಗಿದ್ದು ಅಲ್ಯೂಮಿನಿಯಂ ಫ್ರೇಮ್, ಗಟ್ಟಿ ಸೊಂಟಪಟ್ಟಿ ಇರುವ ಬ್ಯಾಗಿನಿಂದ. ತೂಕ ಸ್ವಲ್ಪ ಜಾಸ್ತಿ, ಇರಲಿ ಬಿಡಿ. ಕೊಳ್ಳುವಾಗ ಬೆನ್ನಿನ ಉದ್ದ ನೋಡಿ: ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ. ನೀರು ಬೆನ್ನಿಗೆ ಅಂಟಿಕೊಂಡಂತೆ, ಭುಜದ ಮೂಳೆಗಳ ನಡುವೆ ಇರಲಿ. ಮಲಗುವ ಚೀಲ ಕೆಳಗೆ. ಹಾಕುವಾಗ ಎಲ್ಲ ಪಟ್ಟಿ ಸಡಿಲಿಸಿ, ಮೊದಲು ಸೊಂಟಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ, ಆಮೇಲೆ ಭುಜದ್ದು, ಆಮೇಲೆ ಭುಜದಿಂದ ಬ್ಯಾಗಿನ ಮೇಲ್ತುದಿಗೆ ಹೋಗುವ ಸಣ್ಣ ಪಟ್ಟಿ (ಸುಮಾರು 45 ಡಿಗ್ರಿ ಓರೆ), ಕೊನೆಗೆ ಎದೆಪಟ್ಟಿ, ಅದೂ ಸುಮ್ನೆ ತಾಗುವಷ್ಟು. ನೀರು ಖಾಲಿಯಾದಂತೆ ಬದಿಯ ಪಟ್ಟಿಗಳನ್ನು ಎಳೆದುಕೊಳ್ಳಿ, ಇಲ್ಲದಿದ್ರೆ ಸಾಮಾನು ಅಲುಗಾಡುತ್ತದೆ.