ಸಿಡ್ನಿಯಲ್ಲಿ 10ಕ್ಕೆ ಹತ್ತಿ ಪರ್ತ್‌ನಲ್ಲಿ 12ಕ್ಕೆ ಇಳಿದರೆ ಎರಡು ಗಂಟೆಯಲ್ಲ

ಕೊಡಗಿನಲ್ಲಿ ನಾವು ದೂರವನ್ನು ಗಂಟೆಯಲ್ಲೇ ಹೇಳುವುದು. ಮಡಿಕೇರಿಯಿಂದ ಮಂಗಳೂರಿಗೆ ಎಷ್ಟು ಅಂದರೆ "ನಾಲ್ಕು ಗಂಟೆ, ಮಳೆಗಾಲದಲ್ಲಿ ಸಂಪಾಜೆ ಘಾಟಿ ಹೇಗಿದೆಯೋ ನೋಡ್ಕೊಂಡು" ಅಂತಾರೆ. ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಆದರೆ ಆಸ್ಟ್ರೇಲಿಯಾದ ಒಳಗೇ ಓಡಾಡುವ ಟಿಕೆಟ್ ಹಿಡಿದು ಹೀಗೆ ಗಂಟೆ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ನಾನಿರುವುದು ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್‌ನಲ್ಲಿ, ಅಕ್ಕ ಪೂರ್ವ ತುದಿಯ ಸಿಡ್ನಿಯಲ್ಲಿ. ಅಮ್ಮ ಇಲ್ಲಿಗೆ ಬರುವ ಮೊದಲು ಸೋಮವಾರಪೇಟೆಯಿಂದ ಫೋನ್ ಮಾಡಿ, ಜನವರಿಯ ಟಿಕೆಟ್ ಓದಿದರು: "ಸಿಡ್ನಿ ಬೆಳಿಗ್ಗೆ 10, ಪರ್ತ್ ಮಧ್ಯಾಹ್ನ 12. ಎರಡೇ ಗಂಟೆ ಅಲ್ವಾ? ಊಟ, ಸಕ್ಕರೆ ಮಾತ್ರೆ ಎಲ್ಲಾ ಇಳಿದ ಮೇಲೇ ಆಯ್ತು ಬಿಡು." ನನಗೆ ಎದೆ ಧಸಕ್ಕೆಂದಿತು. ಅದು ಐದು ಗಂಟೆಯ ಪ್ರಯಾಣ.

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಪರ್ತ್‌ಗಿಂತ ಸಿಡ್ನಿ ಎರಡು ಗಂಟೆ ಮುಂದೆ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಮೂರು ಗಂಟೆ ಮುಂದೆ, ಯಾಕೆಂದರೆ ಅಲ್ಲಿನ ಬೇಸಿಗೆಯಲ್ಲಿ ಸಿಡ್ನಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಪರ್ತ್‌ನಲ್ಲಿ ಆ ಪದ್ಧತಿ ಇಲ್ಲ. ಹಾಗಾಗಿ ಜುಲೈನಲ್ಲಿ ಅದೇ 10 ಗಂಟೆಗೆ ಹೊರಟರೆ ಇಳಿಯುವುದು ಮಧ್ಯಾಹ್ನ 1ಕ್ಕೆ. ಊರಿಗೆ ಫೋನ್ ಮಾಡುವಾಗಲೂ ಇದು ನೆನಪಿರಲಿ: ಪರ್ತ್ ನಮ್ಮೂರಿಗಿಂತ ಯಾವಾಗಲೂ ಎರಡೂವರೆ ಗಂಟೆ ಮುಂದೆ, ಸಿಡ್ನಿ ನಾಲ್ಕೂವರೆ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ.

ಇವೆರಡು ನಿಲ್ದಾಣಗಳ ನಡುವೆ ನೇರ ದೂರ ಸುಮಾರು 3,300 ಕಿ.ಮೀ. ಕನ್ಯಾಕುಮಾರಿಯಿಂದ ಶ್ರೀನಗರಕ್ಕೂ ಇಷ್ಟಾಗುವುದಿಲ್ಲ. ಪರ್ತ್‌ನಿಂದ ಸಿಡ್ನಿಗೆ ನಾಲ್ಕು ಗಂಟೆ ಚಿಲ್ಲರೆ ಸಾಕು, ವಾಪಸ್ ಬರಲು ಐದು ಬೇಕು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಹೋಗುವಾಗ ಅದು ಬೆನ್ನಿಗೆ, ಬರುವಾಗ ಮುಖಕ್ಕೆ. ಘಾಟಿ ಇಳಿಯುವುದಕ್ಕೂ ಹತ್ತುವುದಕ್ಕೂ ಇರುವ ವ್ಯತ್ಯಾಸದ ಹಾಗೆಯೇ.

ಆದ್ದರಿಂದ ಟಿಕೆಟ್‌ನಲ್ಲಿ ಪ್ರಯಾಣದ ಅವಧಿ ಅಂತ ಬೇರೆಯಾಗಿ ಇರುವುದನ್ನೇ ನೋಡಿ. ಮಾತ್ರೆ ತಗೊಳ್ಳುವವರು ಆ ಗಂಟೆಗಳನ್ನು ಹಿಡಿದು ಡಾಕ್ಟರ ಹತ್ತಿರ ಮೊದಲೇ ಕೇಳಿಕೊಳ್ಳಲಿ. ಪರ್ತ್‌ನಿಂದ ನಡುರಾತ್ರಿ ಹೊರಟು ಬೆಳಿಗ್ಗೆ ಸಿಡ್ನಿ ಮುಟ್ಟುವ ವಿಮಾನಗಳಿವೆ. ಟಿಕೆಟ್ ನೋಡಿದರೆ ಇಡೀ ರಾತ್ರಿ ನಿದ್ದೆ ಸಿಗುತ್ತದೆ ಅನ್ನಿಸುತ್ತದೆ, ಸಿಗುವುದು ನಾಲ್ಕು ಗಂಟೆಯೂ ಇಲ್ಲ. ವಯಸ್ಸಾದವರಿಗೆ ಅದು ಬೇಡ.

ಭಾರತದಿಂದ ಬಂದು ಸಿಡ್ನಿಯಲ್ಲಿ ವಿಮಾನ ಬದಲಿಸುವುದಾದರೆ ಮೂರು ಗಂಟೆಗಿಂತ ಕಮ್ಮಿ ಅಂತರ ಇಟ್ಟುಕೊಳ್ಳಬೇಡಿ. ಇಮಿಗ್ರೇಷನ್, ಕಸ್ಟಮ್ಸ್ ಅಲ್ಲೇ ಮುಗಿಯಬೇಕು, ಬ್ಯಾಗ್ ಕೂಡ ಅಲ್ಲೇ ತಗೊಳ್ಳಬೇಕು. ಒಳನಾಡಿನ ಟರ್ಮಿನಲ್ ರನ್‌ವೇಯ ಆಚೆ ಬದಿಗಿದೆ, ನಡೆದು ಹೋಗುವಷ್ಟು ಹತ್ತಿರವಿಲ್ಲ, ಬಸ್ಸೋ ರೈಲೋ ಹಿಡಿಯಬೇಕು.

ತಿಂಡಿ ತಿನಿಸು ಏನಿದ್ದರೂ ಆಸ್ಟ್ರೇಲಿಯಾಕ್ಕೆ ಬಂದಿಳಿಯುವಾಗ ತುಂಬಿಸುವ ಕಾರ್ಡಿನಲ್ಲಿ ಬರೆದು ತೋರಿಸಿ. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಸಿಡ್ನಿಯಿಂದ ಬಂದರೂ ಹಣ್ಣು, ಜೇನು ತರುವಂತಿಲ್ಲ. ಅಮ್ಮ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಬಿಗಿಯಾಗಿ ಬಟ್ಟೆ ಕಟ್ಟಿ ತಂದಿದ್ದ ಕೊಡಗಿನ ಜೇನನ್ನು ಅಕ್ಕನ ಮನೆಯಲ್ಲೇ ಬಿಟ್ಟು, ಕಾಫಿ ಪುಡಿ ಮಾತ್ರ ನನಗೆ ತಂದರು.