18 ವ್ಯಾಟಿನ ಟ್ಯೂಬ್ ಗಿಟಾರ್ ಆಂಪಿಗೆ ನಾನೇ ಕಟ್ಟಿಕೊಂಡ ಅಟೆನ್ಯುಯೇಟರ್

ಎರಡು ಇಎಲ್84 ಟ್ಯೂಬುಗಳ, ನೆಗೆಟಿವ್ ಫೀಡ್‌ಬ್ಯಾಕ್ (ಹೊರಬಂದ ಸಂಕೇತದ ಒಂದು ಪಾಲನ್ನು ಹಿಂದಿರುಗಿಸಿ ನಾದವನ್ನು ತಿದ್ದುವ ಏರ್ಪಾಡು) ಇಲ್ಲದ 18 ವ್ಯಾಟಿನ ಗಿಟಾರ್ ಆಂಪ್ ನಿಜವಾಗಿ ಬಾಯಿ ಬಿಡುವುದು ವಾಲ್ಯೂಮ್ ಮುಕ್ಕಾಲು ದಾಟಿದ ಮೇಲೆಯೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಷ್ಟು ಸದ್ದಿಗೆ ಅವಕಾಶವಿಲ್ಲ, ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಸದ್ದನ್ನು ತಗ್ಗಿಸುವ ಆಮದು ಅಟೆನ್ಯುಯೇಟರ್ ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ. ಮನೆಯಲ್ಲಿ ಕಟ್ಟಿದರೆ ಟ್ಯೂಬುಗಳನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಸುಡದಿದ್ದರೂ ನಾದ ಸಾಯುತ್ತದೆ ಎಂದು ಬಲ್ಲವರೆಲ್ಲ ಹೇಳಿದ್ದರು. ಮೊದಲನೆಯದು ಆಗಲೇ ಇಲ್ಲ. ಎರಡನೆಯದು ಆಗಿ, ಬಹಳ ಹೆಣಗಿದ ಮೇಲೆ ಸರಿಹೋಯಿತು.

ಆರಂಭದಲ್ಲಿ ಕಟ್ಟಿದ್ದು ಬರಿಯ ಎಲ್-ಪ್ಯಾಡ್ (ಎರಡು ರೆಸಿಸ್ಟರುಗಳ ಸರಳ ಜೋಡಣೆ): ಸರಣಿಯಲ್ಲಿ 4 ಓಮ್, ಸ್ಪೀಕರಿಗೆ ಸಮಾನಾಂತರವಾಗಿ 8 ಓಮ್, ಒಟ್ಟು 6 ಡೆಸಿಬೆಲ್ ಇಳಿತ. ಲೆಕ್ಕದಲ್ಲಿ 4 ಓಮಿನ ಪಾಲಿಗೆ ಬರುವುದು 9 ವ್ಯಾಟ್ ಅಷ್ಟೆ. ಆದರೆ ಪೂರ್ತಿ ಓವರ್‌ಡ್ರೈವಿನಲ್ಲಿ ಆಂಪ್ ತನ್ನ ಹಣೆಪಟ್ಟಿಯ ವ್ಯಾಟನ್ನು ಸುಲಭವಾಗಿ ಮೀರುತ್ತದೆ. ಅಲ್ಯೂಮಿನಿಯಂ ಕವಚದ ರೆಸಿಸ್ಟರಿನ ಮೇಲೆ 50 ವ್ಯಾಟ್ ಎಂದು ಅಚ್ಚಾಗಿರುವುದು ಹೀಟ್‌ಸಿಂಕಿಗೆ (ಶಾಖ ಹೀರುವ ಲೋಹದ ಫಲಕಕ್ಕೆ) ಬಿಗಿದಾಗಿನ ಮಾತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಿಂದ ಅಗ್ಗಕ್ಕೆ ತಂದ ಜೋಡಿಯಂತೂ ಹೀಟ್‌ಸಿಂಕ್ ಇದ್ದೂ ಬಣ್ಣಗೆಟ್ಟು, ತಣಿದ ಮೇಲೆ ಮೀಟರಿನಲ್ಲಿ 4ರ ಬದಲು 5ರ ಹತ್ತಿರ ತೋರಿಸತೊಡಗಿತು. ಆ ನಾಲ್ಕೈದು ನೂರು ರೂಪಾಯಿ ನೀರಿಗೆ ಹೋಯಿತು. ಒಳ್ಳೆಯ ರೆಸಿಸ್ಟರುಗಳನ್ನು ಹಾಕಿದ ಮೇಲೂ ನಾದ ಮಾತ್ರ ಸ್ಪೀಕರಿಗೆ ಕಂಬಳಿ ಹೊದಿಸಿದಂತೆಯೇ ಇತ್ತು.

ಇಂಥ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ (ಎಸಿ ಸಂಕೇತಕ್ಕೆ ಒಡ್ಡುವ ತಡೆ) ಹೆಚ್ಚಿರುವುದರಿಂದ, ಸ್ಪೀಕರಿನ ಇಂಪೀಡೆನ್ಸ್ ಮೇಲಿನ ಆವರ್ತನಗಳಲ್ಲಿ ಏರಿದಂತೆ ಅಲ್ಲಿ ಸದ್ದೂ ಏರುತ್ತದೆ. ಪಕ್ಕದಲ್ಲಿ ಕೂತ 8 ಓಮ್ ಆ ಏರಿಕೆಯನ್ನೇ ನುಂಗಿಹಾಕುತ್ತದೆ. ಆದ್ದರಿಂದ ಆ ಸಮಾನಾಂತರ ಕಾಲಿನಲ್ಲಿ ರೆಸಿಸ್ಟರಿನ ಜೊತೆಗೆ ಸರಣಿಯಲ್ಲಿ ಸುಮಾರು 0.9 ಮಿಲಿಹೆನ್ರಿಯ ಕಾಯಿಲ್ ಸೇರಿಸಿದೆ. 5 ಕಿಲೋಹರ್ಟ್ಸ್‌ನಲ್ಲಿ ಅದೊಂದೇ 28 ಓಮಿನಷ್ಟು ತಡೆಯೊಡ್ಡುವುದರಿಂದ ಟ್ರೆಬಲ್ ಸೋರಿಹೋಗದೆ ಸ್ಪೀಕರಿಗೇ ತಲುಪುತ್ತದೆ. 18 ಗೇಜಿನ ಎನಾಮಲ್ ತಂತಿಯನ್ನು 40 ಮಿಲಿಮೀಟರ್ ವ್ಯಾಸದ ಪಿವಿಸಿ ಪೈಪಿನ ತುಂಡಿನ ಮೇಲೆ, ಇಂಚಿನಷ್ಟು ಅಗಲಕ್ಕೆ, ಪದರದ ಮೇಲೆ ಪದರವಾಗಿ 150ರ ಆಸುಪಾಸು ಸುತ್ತು ಸುತ್ತಿದೆ. ಕಾಲು ಕಿಲೋ ತಂತಿ ಹಿಡಿಯಿತು. ನಡುವೆ ಕಬ್ಬಿಣದ ಬೋಲ್ಟ್ ತೂರಿಸಿದರೆ ಕಾಯಿಲಿನ ಇಂಡಕ್ಟೆನ್ಸೇ (ಮಿಲಿಹೆನ್ರಿಯ ಅಂಕಿ) ಬದಲಾಗುತ್ತದೆ, ಆದ್ದರಿಂದ ನೈಲಾನ್ ಬಿಗಿಪಟ್ಟಿ ಸಾಕು. ಅಲ್ಯೂಮಿನಿಯಂ ಡಬ್ಬಿಯ ಗೋಡೆಗೆ ತೀರ ಒತ್ತಿಟ್ಟರೆ ಎಲ್‌ಸಿಆರ್ ಮೀಟರಿನ (ಇಂಡಕ್ಟೆನ್ಸ್ ಅಳೆಯುವ ಉಪಕರಣ) ಅಂಕಿ ಕಣ್ಣೆದುರೇ ಇಳಿಯುತ್ತದೆ; ಎರಡು ಬೆರಳಿನಷ್ಟು ದೂರ ಬಿಡಬೇಕು. ಸದ್ದನ್ನು ಹಂತ ಹಂತವಾಗಿ ಇಳಿಸುವ ಈ ಡಬ್ಬಿಯಲ್ಲಿ ಕಾಯಿಲ್ ಇರುವುದು ಮೊದಲ ಹಂತದಲ್ಲಿ ಮಾತ್ರ. ಮುಂದಿನ ಹಂತಗಳಿಗೆ ಸಣ್ಣ ರೆಸಿಸ್ಟರುಗಳೇ ಸಾಕಾದವು. ಮೊದಲ ಹಂತದ ರೆಸಿಸ್ಟರುಗಳನ್ನು ನಾನು ಹೇಗೆ ಒಡೆದು ಹಂಚಿದ್ದೇನೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕಿವಿಯಿಂದ ಹುಡುಕಿದವರಿಗೆ ಅದು ಸಿಕ್ಕೇ ಸಿಗುತ್ತದೆ.

ನಡುವೆ ಕುತೂಹಲಕ್ಕೆ ಕಾರಿನ 12 ವೋಲ್ಟ್, 21 ವ್ಯಾಟಿನ ಬಲ್ಬನ್ನು ಸರಣಿಯಲ್ಲಿ ಹಾಕಿ ನೋಡಿದೆ. ತಣ್ಣಗಿರುವಾಗ ಒಂದು ಓಮಿಗೂ ಕಡಿಮೆ ಇರುವ ಅದರ ತಂತು ಪೂರ್ತಿ ಉರಿದಾಗ 7 ಓಮಿನ ಹತ್ತಿರ ಹೋಗುವುದರಿಂದ, ಗಿಟಾರಿನ ತಂತಿ ಮೀಟಿದಾಗಲೆಲ್ಲ ಬಲ್ಬ್ ಮಿನುಗಿ, ಕಂಪ್ರೆಸರಿನಂತೆ ನಾದವನ್ನು ಅದುಮುತ್ತಿತ್ತು. ಬ್ಲೂಸ್ ಸೋಲೋಗಳಿಗೆ ಅದು ಸೊಗಸೇ, ಆದರೆ ರಿದಮ್ ನುಡಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ತೆಗೆದುಹಾಕಿದೆ.

ಹಂತ ಬದಲಿಸಲು ರೋಟರಿ ಸ್ವಿಚ್ ಬೇಡ. 10 ಆಂಪಿಯರಿನ ಟಾಗಲ್ ಸ್ವಿಚ್ಚುಗಳನ್ನು, ಯಾವ ಸ್ಥಿತಿಯಲ್ಲೂ, ತಿರುಗುವ ಕ್ಷಣದಲ್ಲೂ ಆಂಪಿಗೆ ಲೋಡ್ (ಅದರ ಶಕ್ತಿಯನ್ನು ಹೀರುವ ಸ್ಪೀಕರ್ ಅಥವಾ ರೆಸಿಸ್ಟರ್) ತಪ್ಪದಂತೆ ಬೆಸೆದಿದ್ದೇನೆ. ಸ್ಪೀಕರಿನ ಜ್ಯಾಕ್ ಅಕಸ್ಮಾತ್ ಕಳಚಿದರೂ ಟ್ರಾನ್ಸ್‌ಫಾರ್ಮರಿಗೆ ರೆಸಿಸ್ಟರುಗಳ ಆಸರೆ ಇರುತ್ತದೆ. ಕೆಟ್ಟು ಹೋದದ್ದನ್ನೂ ಸೇರಿಸಿ ಖರ್ಚು ಮೂರು ಸಾವಿರದ ಒಳಗೇ ಮುಗಿಯಿತು. ಟ್ರಾನ್ಸ್‌ಫಾರ್ಮರಿನ ಬಗ್ಗೆ ಹೆದರಿಸಿದ್ದ ಗೆಳೆಯರೊಬ್ಬರು ಈಗ ತಮಗೂ ಒಂದು ಕಟ್ಟಿಕೊಡಿ ಎನ್ನುತ್ತಿದ್ದಾರೆ.

20 ಡೆಸಿಬೆಲ್ ಇಳಿಸಿದಾಗ ಸ್ಪೀಕರಿಗೆ ಉಳಿಯುವುದು 0.18 ವ್ಯಾಟ್. ಆ ಮಟ್ಟದಲ್ಲಿ ನಮ್ಮ ಕಿವಿಯೇ ಬೇಸನ್ನು ಕಡಿಮೆ ಕೇಳುವುದರಿಂದ ನಾದ ತೆಳ್ಳಗೆನಿಸುತ್ತದೆ. ಅದಕ್ಕೆ ಯಾವ ಡಬ್ಬಿಯೂ ಹೊಣೆಯಲ್ಲ. ನಾನು ಹೆಚ್ಚಾಗಿ ನುಡಿಸುವುದು 14 ಡೆಸಿಬೆಲ್ ಇಳಿತದಲ್ಲಿ. ಆಂಪ್ ಸದಾ ತುದಿಯಲ್ಲೇ ದುಡಿಯುವುದರಿಂದ ಇಎಲ್84 ಜೋಡಿ ಮೊದಲಿಗಿಂತ ಬೇಗ ಸವೆಯುತ್ತದೆ; ಒಂದು ಜೋಡಿಯನ್ನು ತಂದಿಟ್ಟುಕೊಂಡಿದ್ದೇನೆ.