ಹಬ್ಬದ ಊಟಕ್ಕೆ ಸಿಹಿಗುಂಬಳದ ಪಲ್ಯ

ಗೌರಿ-ಗಣೇಶನ ಹಬ್ಬದ ದಿನ ಒಲೆ ಮೇಲೆ ಕಡುಬು, ಹೋಳಿಗೆಯದ್ದೇ ದರ್ಬಾರು. ಪಲ್ಯವನ್ನು ಯಾರೂ ಅಷ್ಟು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಕಡೇ ಗಳಿಗೆಯಲ್ಲಿ ಕುಂಬಳಕಾಯಿ ಹೆಚ್ಚಿ, ಒಂದು ಲೋಟ ನೀರು ಸುರಿದು ಬೇಯಿಸಿದರೆ ಆಗುವುದು ಪಲ್ಯವಲ್ಲ, ಗೊಜ್ಜು. ಈ ಕಾಯಿಗೆ ನೀರೇ ಬೇಡ.

ಐದಾರು ಜನಕ್ಕೆ ಅರ್ಧ ಕೆಜಿ ಸಾಕು. ಹೋಳು ಕೊಳ್ಳುವಾಗ ತಿರುಳು ಕಡು ಕೇಸರಿ ಬಣ್ಣದ್ದಿರಲಿ, ಬೀಜ ತುಂಬಿಕೊಂಡಿರಲಿ. ಬಿಳಿಚಿಕೊಂಡಿದ್ದರೆ ಎಳೆಕಾಯಿ, ಸಿಹಿ ಕಡಿಮೆ. ಸಿಪ್ಪೆ ತೀರಾ ಒರಟಾಗಿರುವ ಕಡೆ ಮಾತ್ರ ಹೆರೆದು, ಮಿಕ್ಕಿದ್ದನ್ನು ಹಾಗೇ ಬಿಡಿ. ಸಿಪ್ಪೆ ಇದ್ದರೆ ಹೋಳು ಕರಗುವುದಿಲ್ಲ. ಒಂದಿಂಚಿನಷ್ಟು ದಪ್ಪಗೆ ಹೆಚ್ಚಿ.

ಬಾಣಲೆಯಲ್ಲಿ ಎರಡು ಚಮಚ ಕೊಬ್ಬರಿ ಎಣ್ಣೆ ಕಾಯಿಸಿ ಸಾಸಿವೆ, ಉದ್ದಿನಬೇಳೆ, ಎರಡು ಬ್ಯಾಡಗಿ ಮೆಣಸಿನಕಾಯಿ, ಇಂಗು, ಕರಿಬೇವು ಹಾಕಿ. ಬೇಳೆ ಕೆಂಪಗಾದ ಮೇಲೆ ಹೋಳು, ಚಿಟಿಕೆ ಅರಿಶಿನ, ಮುಕ್ಕಾಲು ಚಮಚ ಉಪ್ಪು. ಉಪ್ಪು ಬಿದ್ದ ಕೂಡಲೇ ಕಾಯಿ ತಾನೇ ನೀರು ಬಿಡಲು ಶುರುಮಾಡುತ್ತದೆ.

ಈಗ ತಟ್ಟೆ ಮುಚ್ಚಿ, ಆ ತಟ್ಟೆಯ ಮೇಲೆ ಅರ್ಧ ಲೋಟ ನೀರು ಹಾಕಿ. ಒಳಗಿನ ಹಬೆ ತಣ್ಣನೆ ತಟ್ಟೆಗೆ ತಾಗಿ ಹನಿಹನಿಯಾಗಿ ಮತ್ತೆ ಹೋಳಿನ ಮೇಲೇ ಬೀಳುತ್ತದೆ, ತಳ ಹಿಡಿಯುವುದಿಲ್ಲ. ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಸುಮ್ನೆ ಸುಮ್ನೆ ಸೌಟಾಡಿಸಬೇಡಿ. ಮಧ್ಯೆ ಒಂದು ಸಲ ಬಾಣಲೆಯನ್ನೇ ಹಿಡಿದು ಕುಲುಕಿದರೆ ಸಾಕು.

ಹೋಳಿನೊಳಗೆ ಚಾಕುವಿನ ತುದಿ ಸಲೀಸಾಗಿ ಇಳಿದರೆ ಬೆಲ್ಲದ ಸರದಿ. ಮೊದಲೇ ಹಾಕಿದರೆ ಹೋಳು ಬಿಗಿದುಕೊಂಡು ಸರಿಯಾಗಿ ಬೇಯುವುದಿಲ್ಲ. ಸಣ್ಣ ನಿಂಬೆಹಣ್ಣಿನ ಗಾತ್ರದ ಬೆಲ್ಲವನ್ನು ಪುಡಿಮಾಡಿ ಉದುರಿಸಿ. ಹುಣಸೆರಸ ಹಾಕುವವರು ಅದನ್ನೂ ಈಗಲೇ ಹಾಕಿ. ಮುಚ್ಚಳ ತೆಗೆದೇ ಇಡಿ. ಕರಗಿದ ಬೆಲ್ಲ ಇಂಗಿ, ಹೋಳಿನ ಅಂಚು ಹೊಳೆಯಲು ಶುರುವಾದಾಗ ಕಾಲು ಬಟ್ಟಲು ತೆಂಗಿನತುರಿ ಬೆರೆಸಿ ಇಳಿಸಿ.

ಕರಾವಳಿ ರುಚಿ ಬೇಕಾದರೆ ತುರಿಯ ಜೊತೆ ಕಾಲು ಚಮಚ ಹಸಿ ಸಾಸಿವೆ, ಒಂದು ಒಣಮೆಣಸು ಸೇರಿಸಿ, ನೀರಿಲ್ಲದೆ ತರಿತರಿಯಾಗಿ ತಿರುವಿ ಹಾಕಿ. ನನ್ನ ಓಟು ಇದಕ್ಕೇ. ಸಾಸಿವೆ ಜಾಸ್ತಿಯಾದರೆ ಮಾತ್ರ ಕಹಿ.

ಎಲೆಯಲ್ಲಿ ಕೋಸಂಬರಿ ಪಕ್ಕ ಬಡಿಸಿ. ಉಳಿದರೆ ರಾತ್ರಿ ಚಪಾತಿಗೆ ಆಯಿತು. ಹಸಿ ತೆಂಗು ಬಿದ್ದಿರುವುದರಿಂದ ಮರುದಿನದವರೆಗೆ ಹೊರಗಿಡಬೇಡಿ.